ಗಿಳಿ ಹೆಗಲೇರುವ ಮೊದಲು ಇಳಿಯುವುದನ್ನು ಕಲಿಯಲಿ

ಪ್ರಶ್ನೆ: ನಮ್ಮ ಮನೆಯಲ್ಲಿ ನಾಲ್ಕು ವರ್ಷದ ಆಫ್ರಿಕನ್ ಗ್ರೇ ಗಿಳಿ ಇದೆ. ಹೆಸರು ಚಿನ್ನು. ಮರಿಯಾಗಿದ್ದಾಗಿನಿಂದ ನನ್ನ ಹೆಗಲೇ ಅದರ ಜಾಗ. ಓದುವಾಗ, ಬಟ್ಟೆ ಮಡಿಸುವಾಗ, ಫೋನಿನಲ್ಲಿ ಮಾತಾಡುವಾಗ ಗಂಟೆಗಟ್ಟಲೆ ಅಲ್ಲೇ ಕೂತಿರುತ್ತೆ. ಒಂದು ದಿನವೂ ಕಚ್ಚಿದ್ದಿಲ್ಲ. ಹೋದ ತಿಂಗಳು ನಮ್ಮ ಭಾವ ಬಂದಾಗ ಬಾಗಿಲು ತೆಗೆದು ಮಾತಾಡಿಸುತ್ತಿದ್ದೆ, ಇದ್ದಕ್ಕಿದ್ದ ಹಾಗೆ ನನ್ನ ಕಿವಿಯನ್ನು ಕಚ್ಚಿ ಹಿಡಿಯಿತು. ಎರಡು ಹೊಲಿಗೆ ಬಿತ್ತು. ಗಿಳಿ ಸಾಕಿದ ಪರಿಚಯದವರೊಬ್ಬರು "ಹೆಗಲ ಮೇಲೆ ಕೂರಿಸಿಕೊಂಡರೆ ಅದು ತಾನೇ ಯಜಮಾನ ಅಂದುಕೊಳ್ಳುತ್ತೆ, ಇನ್ನು ಯಾವತ್ತೂ ಕೂರಿಸಬೇಡಿ" ಅಂದರು. ಇನ್ನೊಬ್ಬರು "ಅದೆಲ್ಲ ಏನಿಲ್ಲ, ಪ್ರೀತಿ ಇದ್ದರೆ ಸಾಕು" ಅಂತಾರೆ. ಇಳಿಸಲು ಹೋದರೆ ಬೆನ್ನ ಹಿಂದಕ್ಕೆ ಓಡುತ್ತೆ. ಎಂಟು ವರ್ಷದ ಮಗಳೂ ತನ್ನ ಹೆಗಲ ಮೇಲೆ ಕೂರಿಸಿಕೊಳ್ಳಬೇಕು ಅಂತ ಹಟ ಹಿಡಿದಿದ್ದಾಳೆ. ಏನು ಮಾಡಲಿ?

ಉತ್ತರ: ಮೊದಲು ನಿಮ್ಮ ಕಿವಿಯ ಮಾತು. ಹೊಲಿಗೆ ಬಿಚ್ಚಿದ ಮೇಲೂ ಆ ಜಾಗ ಬಿಸಿಯಾಗಿ, ಕೆಂಪಗೆ ಊದಿಕೊಂಡಿದ್ದರೆ ಇನ್ನೊಮ್ಮೆ ವೈದ್ಯರಿಗೆ ತೋರಿಸಿ. ಕಿವಿಯ ಮೆತ್ತನೆಯ ಎಲುಬಿಗೆ ರಕ್ತದ ಓಡಾಟ ಕಡಿಮೆ, ಅಲ್ಲಿ ಸೋಂಕು ಕೂತರೆ ಬೇಗ ಬಿಡುವುದಿಲ್ಲ.

ಇನ್ನು ಪ್ರಶ್ನೆಗೆ ಬರೋಣ. ಸದ್ಯಕ್ಕೆ ಚಿನ್ನುವನ್ನು ಹೆಗಲಿಗೆ ಹತ್ತಿಸಬೇಡಿ. ಕೆಲವು ವಾರ, ಬೇಕಾದರೆ ಕೆಲವು ತಿಂಗಳು. ಆಮೇಲೆ ಮತ್ತೆ ಹತ್ತಿಸಬಹುದೇ ಎನ್ನುವುದಕ್ಕೆ ನಾನು ನೋಡುವುದು ಒಂದೇ ವಿಷಯ: "ಬಾ" ಎಂದು ಕೈ ಒಡ್ಡಿದಾಗ ಅದು ತಾನಾಗಿ ಇಳಿದು ಬರುತ್ತದೆಯೇ? ಕರೆದಾಗ ಇಳಿಯದ ಗಿಳಿಗೆ ಹೆಗಲು ಕೊಡಬಾರದು. ಇಷ್ಟು ವರ್ಷ ಸಾಕುಗಿಳಿಗಳ ನಡುವೆ ಕಳೆದ ಮೇಲೆ ಈ ಒಂದು ಮಾತಿನಲ್ಲಿ ನನಗೆ ಎಳ್ಳಷ್ಟೂ ಸಂಶಯ ಉಳಿದಿಲ್ಲ. ನಿಮ್ಮ ಇಬ್ಬರು ಪರಿಚಯದವರೂ ಬೇರೆಬೇರೆ ದಿಕ್ಕಿನಿಂದ ಇದನ್ನೇ ತಪ್ಪಿಸಿಕೊಂಡಿದ್ದಾರೆ.

ಮೊದಲನೆಯವರ "ಯಜಮಾನ" ಮಾತು ಹಳೆಯದು. ಸಲಿಗೆ ಕೊಟ್ಟರೆ ತಲೆ ಮೇಲೆ ಹತ್ತಿ ಕೂರುತ್ತಾರೆ ಎಂದು ನಾವು ಮನುಷ್ಯರ ಬಗ್ಗೆ ಆಡುವ ಮಾತನ್ನೇ ಗಿಳಿಗೂ ಅಂಟಿಸಿದಂತಿದೆ ಅದು. ಪಂಜರ ನಿಮ್ಮ ಎದೆಯ ಮಟ್ಟ ದಾಟಬಾರದು, ಗಿಳಿಯ ಕಣ್ಣು ನಿಮ್ಮ ಕಣ್ಣಿಗಿಂತ ಮೇಲಿರಬಾರದು ಎಂದೆಲ್ಲ ಹಿಂದೆ ಕಟ್ಟುನಿಟ್ಟಾಗಿ ಹೇಳುತ್ತಿದ್ದರು. ಕೋಳಿಗಳ ಗುಂಪಿನಲ್ಲಿ ಯಾರು ಯಾರನ್ನು ಕುಕ್ಕಬಹುದು ಎನ್ನುವ ಒಂದು ಕ್ರಮ ಇದೆ ಎಂದು ನಾರ್ವೆಯ ಪ್ರಾಣಿವಿಜ್ಞಾನಿ ಶೆಲ್ಡರಪ್-ಎಬ್ಬೆ 1921ರಲ್ಲಿ ಬರೆದರು. ಅದು ಅಂಗಳದ ಕೋಳಿಗಳ ವ್ಯವಹಾರ. ಗಿಳಿಗಳು ಎತ್ತರದ ಕೊಂಬೆ ಹುಡುಕುವುದು ಬೇರೆ ಕಾರಣಕ್ಕೆ. ಗಿಳಿ ಬೇಟೆಯಾಡುವ ಪ್ರಾಣಿಯಲ್ಲ, ಬೇಟೆಗೆ ಸಿಗುವ ಪ್ರಾಣಿ. ಎತ್ತರದಿಂದ ನಾಲ್ಕೂ ಕಡೆ ಕಾಣುತ್ತದೆ, ಹಾರಿ ತಪ್ಪಿಸಿಕೊಳ್ಳಲು ದಾರಿ ಇರುತ್ತದೆ. ಆಫ್ರಿಕನ್ ಗ್ರೇಗಳು ಕಾಡಿನಲ್ಲಿ ರಾತ್ರಿ ತಂಗುವುದೂ ಎತ್ತರದ ಮರಗಳ ಮೇಲೆ, ದೊಡ್ಡ ಗುಂಪಾಗಿ. ನಿಮ್ಮ ಹೆಗಲು ಅದಕ್ಕೆ ಸಿಂಹಾಸನ ಅಲ್ಲವೇ ಅಲ್ಲ. ಅಗಲವಾದ, ಬೆಚ್ಚಗಿನ, ಅಲುಗಾಡದ ಕೊಂಬೆ. ಪಕ್ಕದಲ್ಲೇ ತನಗೆ ಇಷ್ಟವಾದ ದನಿ, ಕೊಕ್ಕಿನಿಂದ ನೀವುವುದಕ್ಕೆ ಕೂದಲು. ಅಲ್ಲಿಂದ ಇಳಿಯಲು ಮನಸ್ಸಾಗದಿದ್ದರೆ ಅದರಲ್ಲಿ ಅಹಂಕಾರ ಹುಡುಕಬೇಕಾಗಿಲ್ಲ.

ಸರಿ, ಯಜಮಾನಿಕೆಯ ಮಾತು ಸುಳ್ಳಾದರೆ ಹೆಗಲಿನಿಂದ ತೊಂದರೆ ಏನು? ತೊಂದರೆ ಇರುವುದು ನಿಮ್ಮ ಕಣ್ಣಿನಲ್ಲಿ.

ಒಂದು ಸಂದರ್ಭ ಹೇಳುತ್ತೇನೆ. ಏಳು ವರ್ಷದ ಗಂಡು ಅಮೆಜಾನ್ ಗಿಳಿಯೊಂದನ್ನು ಹೆಗಲ ಮೇಲೆ ಕೂರಿಸಿಕೊಂಡು ಒಬ್ಬರು ನನ್ನೆದುರು ಮೇಜಿನ ಆಚೆ ಕೂತಿದ್ದರು. "ಹೇಳದೆ ಕೇಳದೆ ಕಚ್ಚುತ್ತೆ, ಯಾಕೆ ಅಂತಲೇ ಗೊತ್ತಾಗಲ್ಲ" ಎನ್ನುತ್ತಿದ್ದರು. ನಾನು ಬರೆದುಕೊಳ್ಳಲು ಪೆನ್ನಿಗೆ ಕೈ ಚಾಚಿದೆ. ಗಿಳಿಯ ಕಿತ್ತಳೆ ಬಣ್ಣದ ಕಣ್ಣಿನ ನಡುವಿನ ಕಪ್ಪು ಪಾಪೆ ಸಾಸಿವೆಯಷ್ಟಾಯಿತು, ಅರಳಿತು, ಮತ್ತೆ ಸಾಸಿವೆಯಷ್ಟಾಯಿತು. ಕತ್ತಿನ ಹಿಂದಿನ ಗರಿಗಳು ಎದ್ದವು. ಬಾಲ ಬೀಸಣಿಗೆಯಂತೆ ಬಿಚ್ಚಿಕೊಂಡಿತು. "ಮುಖ ತಿರುಗಿಸಬೇಡಿ, ಹೆಗಲನ್ನು ಹಾಗೇ ಮೇಜಿಗೆ ಬಗ್ಗಿಸಿ" ಎಂದೆ. ಅಷ್ಟರಲ್ಲಿ ಅವರು "ಏನೋ ನಿಂದು?" ಎಂದು ಪ್ರೀತಿಯಿಂದ ಅದರ ಕಡೆಗೇ ತಿರುಗಿದರು. ಕೊಕ್ಕು ಕೆನ್ನೆಗೆ ಇಳಿಯಿತು, ಕಣ್ಣಿನಿಂದ ಒಂದು ಬೆರಳಿನಷ್ಟು ಕೆಳಗೆ. ಅಲ್ಲಿಯವರೆಗೆ ಅದು ಏಳೆಂಟು ಸೆಕೆಂಡು ಎಚ್ಚರಿಕೆ ಕೊಡುತ್ತಲೇ ಇತ್ತು. ಮೇಜಿನ ಈ ಕಡೆಯಿಂದ ನನಗೆ ಎಲ್ಲವೂ ಕಂಡಿತು, ಅದನ್ನು ಹೊತ್ತಿದ್ದವರಿಗೆ ಏನೂ ಕಾಣಲಿಲ್ಲ.

"ಹೇಳದೆ ಕೇಳದೆ ಕಚ್ಚಿತು" ಎಂದು ಯಾರಾದರೂ ಹೇಳಿದಾಗ ಆಗ ಗಿಳಿ ಎಲ್ಲಿ ಕೂತಿತ್ತು ಎಂದು ಮೊದಲು ಕೇಳುವುದು ಅಂದಿನಿಂದ ನನಗೆ ರೂಢಿ. ಗಿಳಿಯ ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿವೆ. ಹೆಗಲ ಮೇಲೆ ಕೂತ ಗಿಳಿಗೆ ನಿಮ್ಮ ಮುಖ, ಎದುರಿನ ಬಾಗಿಲು, ಹಿಂದಿನ ಕಿಟಕಿ ಬಹುಮಟ್ಟಿಗೆ ಒಟ್ಟಿಗೇ ಕಾಣುತ್ತವೆ. ನಿಮಗೆ ಕಾಣುವುದು ಕಣ್ಣಂಚಿನಲ್ಲಿ ಒಂದಿಷ್ಟು ಬೂದು ಬಣ್ಣ, ಅಷ್ಟೇ. ಅದರ ಜೊತೆಗೆ ಕಣ್ಣು, ಕಿವಿ, ತುಟಿ, ಮೂಗು ಎಲ್ಲವೂ ಕೊಕ್ಕಿಗೆ ಗೇಣಿನ ದೂರದಲ್ಲಿ. ಕೈಗೆ ಕಚ್ಚಿದರೆ ಗಾಯ ಮಾಯುತ್ತದೆ. ಕಣ್ಣಿಗೆ ತಗುಲಿದರೆ ಮಾತು ಬೇರೆ.

ಈಗ ನಿಮ್ಮ ಬಾಗಿಲ ಬಳಿ ನಡೆದದ್ದನ್ನು ಚಿನ್ನುವಿನ ಕಡೆಯಿಂದ ನೋಡಿ. ಅಪರೂಪಕ್ಕೆ ಬರುವ ಒಬ್ಬ ದೊಡ್ಡ ವ್ಯಕ್ತಿ ಒಳಗೆ ಬಂದ. ಅದಕ್ಕೆ ಹಿಂದೆ ಸರಿಯಬೇಕೆನಿಸಿತು. ಆದರೆ ಅದರ ಕಾಲ ಕೆಳಗಿನ ಕೊಂಬೆಯೇ ನಡೆದುಕೊಂಡು ಆ ವ್ಯಕ್ತಿಯ ಹತ್ತಿರ ಹೋಗುತ್ತಿದೆ! ಗಿಳಿ ಕೂರಲೆಂದು ಕೋಲು ಅಡ್ಡ ಹಾಕಿದ ಸ್ಟ್ಯಾಂಡಿನ ಮೇಲಿದ್ದಿದ್ದರೆ ಎರಡು ಹೆಜ್ಜೆ ಹಿಂದಕ್ಕಿಡುತ್ತಿತ್ತು. ಹೆಗಲ ಮೇಲಿದ್ದಾಗ ನೀವು ಹೋದಲ್ಲಿಗೆ ಅದು ಹೋಗಲೇಬೇಕು. ರೆಕ್ಕೆ ಕತ್ತರಿಸಿದ್ದರೆ ಇನ್ನೂ ಕಷ್ಟ, ಹಾರಿ ದೂರ ಹೋಗುವ ದಾರಿಯೂ ಮುಚ್ಚಿತು. (ನೀವು ರೆಕ್ಕೆಯ ಬಗ್ಗೆ ಬರೆದಿಲ್ಲ. ಕತ್ತರಿಸಿದ್ದರೆ ದಯವಿಟ್ಟು ಮುಂದಿನ ಸಲ ಬಿಟ್ಟುಬಿಡಿ, ಗರಿ ಉದುರಿ ಹೊಸದು ಬರಲಿ.) ಹೆದರಿಕೆಯೋ ಸಿಟ್ಟೋ ತಡೆಯಲಾರದಷ್ಟಾದಾಗ, ಅದಕ್ಕೆ ಕಾರಣವಾದವರು ಕೊಕ್ಕಿಗೆ ಎಟುಕದಿದ್ದರೆ ಗಿಳಿ ಹತ್ತಿರ ಇರುವವರನ್ನು ಕಚ್ಚುತ್ತದೆ. ನಾಯಿ ಬೆಕ್ಕುಗಳಲ್ಲೂ ಇದು ಇದೆ. ಹಾಗಾಗಿ ಆ ಕಚ್ಚು ನಿಮ್ಮ ಮೇಲಿನ ದ್ವೇಷವೂ ಅಲ್ಲ, ನಾಲ್ಕು ವರ್ಷದ ನಂಬಿಕೆ ಮುರಿದ ಗುರುತೂ ಅಲ್ಲ. ನಿಮ್ಮ ಕಾಗದದ ಸಾಲುಗಳಲ್ಲಿ ಆ ನೋವು ಕಂಡಿದ್ದರಿಂದ ಇದನ್ನು ಬಿಡಿಸಿ ಹೇಳುತ್ತಿದ್ದೇನೆ.

ಇನ್ನೊಂದು ಸಂಗತಿ ವಯಸ್ಸು. ಗ್ರೇ ಗಿಳಿಗಳು ಸಾಮಾನ್ಯವಾಗಿ ಮೂರರಿಂದ ಐದು ವರ್ಷದ ನಡುವೆ ಪ್ರಾಯಕ್ಕೆ ಬರುತ್ತವೆ. ಮರಿಯಾಗಿದ್ದಾಗ ಯಾರು ಎತ್ತಿಕೊಂಡರೂ ಸುಮ್ಮನಿದ್ದ ಹಕ್ಕಿ ಈಗ ಒಬ್ಬರನ್ನು ಜೋಡಿಯಂತೆ ಹಚ್ಚಿಕೊಂಡು ಉಳಿದವರನ್ನು ದೂರ ಇಡಲು ನೋಡಬಹುದು. ದಿನವಿಡೀ ಹೆಗಲ ಮೇಲೆ, ಮುಖಕ್ಕೆ ಮುಖ ತಾಗಿಸಿಕೊಂಡು ಇರುವುದು ಆ ನಂಟನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಬೆನ್ನು, ಬಾಲದ ಬುಡ, ರೆಕ್ಕೆಯ ಕೆಳಗೆ ಸವರುವ ಅಭ್ಯಾಸವಿದ್ದರೆ ಇಂದೇ ನಿಲ್ಲಿಸಿ. ಗಿಳಿಯ ಮಟ್ಟಿಗೆ ಅದು ಜೋಡಿ ಹಕ್ಕಿ ಮುಟ್ಟುವ ಜಾಗ. ತಲೆ, ಕತ್ತು ಕೆರೆದರೆ ಸಾಕು. ತಿಂದದ್ದನ್ನು ಕಕ್ಕಿ ನಿಮ್ಮ ಕಿವಿಗೆ ಕೊಡಲು ಬಂದರೆ ಬೈಯದೆ, ನಗದೆ ಸ್ಟ್ಯಾಂಡಿಗೆ ಬಿಡಿ. ರಾತ್ರಿ ಒಟ್ಟು ಹತ್ತು-ಹನ್ನೆರಡು ತಾಸು ಕತ್ತಲು, ನಿಶ್ಶಬ್ದ ಸಿಗಲಿ. ದೀರ್ಘ ಬೆಳಕೂ ಆ ಉದ್ವೇಗವನ್ನು ಹೆಚ್ಚಿಸುತ್ತದೆ.

ಹಾಗಾದರೆ ಕಲಿಸುವುದು ಹೇಗೆ? ಇಲ್ಲಿ ಅವಸರ ಮಾಡಬೇಡಿ. ಚಿನ್ನುವಿಗೆ ತುಂಬಾ ಇಷ್ಟವಾದ ಒಂದು ತಿನಿಸನ್ನು, ಸೂರ್ಯಕಾಂತಿ ಬೀಜವೋ ಬಾದಾಮಿಯ ಚೂರೋ, ಬಟ್ಟಲಿನಿಂದ ತೆಗೆದು ಈ ಪಾಠಕ್ಕೆಂದೇ ಮೀಸಲಿಡಿ. ಮೊದಲ ವಾರ ಸ್ಟ್ಯಾಂಡಿನಿಂದ ಕೈಗೆ, ಕೈಯಿಂದ ಸ್ಟ್ಯಾಂಡಿಗೆ ಮಾತ್ರ. ಕೈಯನ್ನು ಅದರ ಹೊಟ್ಟೆಯ ಕೆಳಗೆ, ಕಾಲಿಗಿಂತ ಸ್ವಲ್ಪ ಮೇಲೆ ತಂದು ನಿಲ್ಲಿಸಿ "ಬಾ" ಎನ್ನಿ. ಹೊಟ್ಟೆಗೆ ಒತ್ತಿ ತಳ್ಳುವ ಹಳೆಯ ಪದ್ಧತಿ ಬೇಡ, ಕಾಯಿರಿ. ಬಂದರೆ ತಿನಿಸು. "ಇಳಿ" ಎಂದಾಗ ಸ್ಟ್ಯಾಂಡಿಗೆ ಹೋದರೆ ಅದಕ್ಕೂ ತಿನಿಸು, ಅದೂ ಸ್ವಲ್ಪ ಹೆಚ್ಚೇ. ಹತ್ತುವ ಮೊದಲು ಕೊಕ್ಕಿನಿಂದ ನಿಮ್ಮ ಬೆರಳನ್ನು ಹಿಡಿದು ನೋಡುತ್ತದೆ. ಕಚ್ಚಲು ಬಂತು ಎಂದು ಕೈ ಎಳೆದುಕೊಳ್ಳಬೇಡಿ. ಗಿಳಿಗೆ ಕೊಕ್ಕು ಮೂರನೆಯ ಕಾಲು, ಕೊಂಬೆ ಗಟ್ಟಿಯಿದೆಯೇ ಎಂದು ನೋಡುವ ಕೈ. ಲವ್‌ಬರ್ಡ್ ಎನ್ನುವ ಪುಟ್ಟ ಗಿಳಿಗಳು ಏರುವಾಗ ಕೊಕ್ಕನ್ನು ನಿಜಕ್ಕೂ ಕಾಲಿನಷ್ಟೇ ಬಲವಾಗಿ ಬಳಸುತ್ತವೆ ಎಂದು 2022ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಅಳೆದೇ ತೋರಿಸಿತು. ಆ ಹೊತ್ತಿಗೆ ಕೈ ಸರಿದರೆ ಗಿಳಿಗೆ ಎರಡು ಪಾಠ: ಈ ಕೊಂಬೆ ನಂಬುವಂಥದ್ದಲ್ಲ, ಕೊಕ್ಕು ತೋರಿಸಿದರೆ ಕೈ ಓಡುತ್ತದೆ.

ಕೈ ಮೇಲಿರುವಾಗ ಮೊಣಕೈಯನ್ನು ಪಕ್ಕೆಗೆ ಒತ್ತಿಕೊಳ್ಳಿ, ಮಣಿಕಟ್ಟು ಮೊಣಕೈಗಿಂತ ತುಸು ಮೇಲಿರಲಿ. ಗಿಳಿ ಏರುಮುಖವಾಗಿಯೇ ನಡೆಯುತ್ತದೆ. ಕೈ ಕೆಳಗೆ, ಮೊಣಕೈ ಮೇಲೆ ಇದ್ದರೆ ಮೆಟ್ಟಿಲು ಹಾಕಿಕೊಟ್ಟ ಹಾಗೆ ಹೆಗಲಿಗೆ ಹತ್ತಿಬಿಡುತ್ತದೆ. ಹೆಗಲಿಗೆ ಓಡುವ ಎಷ್ಟೋ ಗಿಳಿಗಳ ಸಮಸ್ಯೆ ಈ ಒಂದು ಬದಲಾವಣೆಯಿಂದಲೇ ಅರ್ಧ ಕಳೆದದ್ದನ್ನು ನೋಡಿದ್ದೇನೆ.

ಇಳಿಸಲು ಹೋದರೆ ಬೆನ್ನ ಹಿಂದಕ್ಕೆ ಓಡುತ್ತೆ ಎಂದಿದ್ದೀರಿ. ಅದಕ್ಕೆ ಇಳಿಯುವುದೆಂದರೆ ಏನಾಗಿರಬಹುದು, ಯೋಚಿಸಿ ನೋಡಿ. ಸಾಮಾನ್ಯವಾಗಿ ಹಕ್ಕಿಯನ್ನು ಇಳಿಸುವುದು ನಮಗೆ ಕೆಲಸವಿದ್ದಾಗ: ಇಳಿಸುತ್ತೇವೆ, ಪಂಜರಕ್ಕೆ ಹಾಕುತ್ತೇವೆ, ಬಾಗಿಲು ಮುಚ್ಚಿ ಹೋಗುತ್ತೇವೆ. ನೂರು ಸಲ ಹಾಗಾದ ಮೇಲೆ ಕೈ ಹತ್ತಿರ ಬಂದರೆ ಎಲ್ಲ ಮುಗಿಯಿತು ಎನ್ನುವುದು ಅದಕ್ಕೆ ಖಚಿತ. ಯಾಕೆ ಇಳಿದೀತು? ಆದ್ದರಿಂದ ದಿನಕ್ಕೆ ಹತ್ತಾರು ಸಲ ಯಾವ ಕಾರಣವೂ ಇಲ್ಲದೆ ಇಳಿಸಿ, ತಿನಿಸು ಕೊಟ್ಟು, ಮತ್ತೆ ಕೈಗೆ ಹತ್ತಿಸಿಕೊಳ್ಳಿ. ಹತ್ತರಲ್ಲಿ ಒಂದು ಸಲ ಮಾತ್ರ ಪಂಜರ, ಅಲ್ಲೂ ಏನಾದರೂ ಕಾದಿರಲಿ, ಕಾಗದದಲ್ಲಿ ಸುತ್ತಿಟ್ಟ ಕಾಳೋ ಅಗಿಯಲು ಮರದ ತುಂಡೋ. ಬೆನ್ನಿಗೆ ಓಡಿದರೆ ಕೈ ಹಿಂದೆ ಹಾಕಿ ತಡಕಾಡಬೇಡಿ. ಅದು ಹಿಂದೆ ಸರಿದಷ್ಟೂ ನೀವು ತಿರುಗುವುದು ಅದಕ್ಕೆ ಒಳ್ಳೆಯ ಆಟವಾಗಿಬಿಡುತ್ತದೆ. ಸ್ಟ್ಯಾಂಡಿಗೆ ಬೆನ್ನು ಮಾಡಿ, ಹೆಗಲು ಕೋಲಿಗೆ ತಾಗುವಷ್ಟು ಬಗ್ಗಿ ನಿಲ್ಲಿ. ಕೋಲಿನ ಮೇಲೆ ಮೊದಲೇ ತಿನಿಸು ಇಟ್ಟಿರಿ. ತಾನಾಗಿ ಇಳಿಯುತ್ತದೆ.

ಕೈಯಿಂದ ಹತ್ತಕ್ಕೆ ಹತ್ತು ಸಲ, ಹಲವು ದಿನ, ಮನೆಯಲ್ಲಿ ಬೇರೆಯವರು ಇರುವಾಗಲೂ ಇಳಿಯತೊಡಗಿದ ಮೇಲೆ ಹೆಗಲಿನ ಪಾಠ. ಕನ್ನಡಿಯ ಎದುರು ಕೂತು ಶುರು ಮಾಡಿ, ಆಗ ಅದರ ಮುಖ ನಿಮಗೆ ಕಾಣುತ್ತದೆ. ಅರ್ಧ ನಿಮಿಷ ಹೆಗಲ ಮೇಲೆ, ಇಳಿ, ತಿನಿಸು. ಆಮೇಲೆ ಒಂದು ನಿಮಿಷ. ಹೆಗಲು ನೀವು ಕರೆದಾಗ ಹತ್ತುವ ಜಾಗವಾಗಲಿ, ತಾನೇ ಹಾರಿ ಬಂದು ಕೂತರೆ ಸುಮ್ಮನೆ ಕೈಗೆ ತೆಗೆದುಕೊಂಡು ಬಿಡಿ. ಗ್ರೇ ಗಿಳಿಗೆ ಇಷ್ಟು ಕಲಿಯುವುದು ದೊಡ್ಡ ವಿಷಯವಲ್ಲ. ಅಮೆರಿಕದ ವಿಜ್ಞಾನಿ ಐರೀನ್ ಪೆಪ್ಪರ್‌ಬರ್ಗ್ ಮೂವತ್ತು ವರ್ಷ ಪಾಠ ಹೇಳಿದ, 2007ರಲ್ಲಿ ತೀರಿಕೊಂಡ ಅಲೆಕ್ಸ್ ಇದೇ ಜಾತಿಯ ಹಕ್ಕಿ. ಬಣ್ಣ, ಆಕಾರ, ಎಣಿಕೆ ಹೇಳುತ್ತಿದ್ದ ಅಲೆಕ್ಸ್ ಪಾಠ ಸಾಕಾದಾಗ ತನ್ನನ್ನು ವಾಪಸ್ ಬಿಡಿ ಎಂದು ಮಾತಿನಲ್ಲೇ ಕೇಳುತ್ತಿತ್ತು. ನಿಮ್ಮ ಚಿನ್ನುವೂ ಸಾಕು ಅನ್ನುತ್ತಿರುತ್ತದೆ, ಮೈಯಲ್ಲಿ.

ಆ ಮೈಯ ಮಾತು ಜಾತಿಯಿಂದ ಜಾತಿಗೆ ಬೇರೆ. ಗ್ರೇಯ ಕಣ್ಣಿನಲ್ಲಿ ಪಾಪೆಯ ಸುತ್ತಿನ ಬಣ್ಣ ತಿಳಿ ಹಳದಿ, ಹಾಗಾಗಿ ಪಾಪೆ ಕುಗ್ಗಿ ಅರಳುವುದು ಚೆನ್ನಾಗಿ ಕಾಣುತ್ತದೆ. ಖುಷಿಯಲ್ಲೂ ಹಾಗಾಗುತ್ತದೆ, ಆದ್ದರಿಂದ ಕಣ್ಣೊಂದನ್ನೇ ನೋಡಬೇಡಿ. ಕತ್ತಿನ ಗರಿ ಎದ್ದಿದೆಯೇ, ಮೈ ಮುಂದಕ್ಕೆ ಬಾಗಿದೆಯೇ, ಕೊಕ್ಕು ಸ್ವಲ್ಪ ತೆರೆದಿದೆಯೇ? ಎಲ್ಲ ಗರಿಯನ್ನೂ ಮೈಗೆ ಅಂಟಿಸಿಕೊಂಡು ಸಣ್ಣಗೆ, ಉದ್ದಕ್ಕೆ ಆಗಿ ನಿಂತರೆ ಅದು ಹೆದರಿಕೆ. ಕಾಕಟೀಲ್ ಎನ್ನುವ ಜುಟ್ಟಿನ ಸಣ್ಣ ಗಿಳಿಯ ಕಣ್ಣು ಕಪ್ಪು, ಪಾಪೆ ಗೊತ್ತಾಗುವುದಿಲ್ಲ. ಅದರ ಜುಟ್ಟು ನೋಡಬೇಕು, ಜುಟ್ಟು ತಲೆಗೆ ಅಂಟಿ ಬುಸ್ ಎಂದರೆ ದೂರ ಸರಿಯಿರಿ.

ಹಾಗೆಂದು ಎಲ್ಲ ಗಿಳಿಗೂ ಒಂದೇ ಕಟ್ಟಳೆ ಇಲ್ಲ. ಬಜರಿಗರ್, ಕಾಕಟೀಲ್‌ನಂಥ ಸಣ್ಣ ಹಕ್ಕಿಗಳ ವಿಷಯದಲ್ಲಿ ನಾನು ಇಷ್ಟು ಬಿಗಿ ಹಿಡಿಯುವುದಿಲ್ಲ. ಕಾಕಟೀಲ್ ಒಂದು ಸಂಜೆಯ ಹೊತ್ತು ಕಿವಿಯ ಪಕ್ಕದಲ್ಲಿ ಒಂದು ಕಾಲು ಮಡಚಿಕೊಂಡು, ಕಣ್ಣು ಅರೆ ಮುಚ್ಚಿ, ಮೇಲಿನ ಕೊಕ್ಕಿಗೆ ಕೆಳಗಿನ ಕೊಕ್ಕನ್ನು ಗರಗರ ಮಸೆಯುವ ಸಣ್ಣ ಸದ್ದು ಕೇಳಿದವರಿಗೆ ಹೆಗಲು ಬೇಡ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ನಿದ್ದೆಗೆ ಜಾರುವ, ನಿಶ್ಚಿಂತ ಹಕ್ಕಿಯ ಸದ್ದು ಅದು. ಮಕಾವ್ ಮತ್ತು ದೊಡ್ಡ ಕಾಕಟೂಗಳಿಗೆ ಮಾತ್ರ ನಾನು ಹೆಗಲು ಕೊಡುವುದಿಲ್ಲ, ಎಷ್ಟೇ ಪಳಗಿದ್ದರೂ. ಗಟ್ಟಿ ಓಡಿನ ಕಾಯಿ ಒಡೆಯುವ ಕೊಕ್ಕು ಅದು. ಒಂದೇ ಒಂದು ಕೆಟ್ಟ ಕ್ಷಣ ಸಾಕು.

ನಡತೆ ಎಷ್ಟೇ ಚೆನ್ನಾಗಿದ್ದರೂ ಹೆಗಲ ಮೇಲೆ ಒಯ್ಯಬಾರದ ಜಾಗಗಳಿವೆ. ಅಡುಗೆಮನೆ ಮೊದಲನೆಯದು: ಕಾದ ಎಣ್ಣೆ, ಕುದಿಯುವ ನೀರು, ಬೆಂಕಿ. ನಾನ್‌ಸ್ಟಿಕ್ ಪಾತ್ರೆ ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿ ಕಾದರೆ ಬಿಡುವ ಹೊಗೆ ಹಕ್ಕಿಯ ಶ್ವಾಸಕೋಶವನ್ನು ನಿಮಿಷಗಳಲ್ಲಿ ಹಾಳು ಮಾಡುತ್ತದೆ, ಪಕ್ಕದ ಕೋಣೆಯಲ್ಲಿದ್ದರೂ ಅಪಾಯವೇ. ಎರಡನೆಯದು ಬಾಗಿಲಾಚೆ. "ನನ್ನದು ಹಾರಲ್ಲ" ಎಂದು ಅಂಗಳಕ್ಕೆ ಹೋದವರ ಗಿಳಿ ಒಂದು ಹಾರ್ನ್ ಸದ್ದಿಗೆ ಬೆಚ್ಚಿ ಗಾಳಿಗೆ ಸಿಕ್ಕಿ ಮರೆಯಾದ ಕಥೆಗಳನ್ನು ನಾನು ಬೇಕಾದಷ್ಟು ಕೇಳಿದ್ದೇನೆ, ಅತ್ತುಕೊಂಡು ಹೇಳಿದವರ ಬಾಯಿಂದಲೇ. ಕತ್ತರಿಸಿದ ರೆಕ್ಕೆಯೂ ಗಾಳಿ ಬಂದಾಗ ಎತ್ತಿಕೊಂಡು ಹೋಗುತ್ತದೆ. ಕಿವಿಯೋಲೆ, ಸರ ತೆಗೆದಿಡಿ. ಗಿಳಿ ಅವನ್ನು ಎಳೆಯುತ್ತದೆ, ಅಗಿಯುತ್ತದೆ, ಅಗ್ಗದ ಆಭರಣಗಳಲ್ಲಿ ಸೀಸ, ಸತು ಇದ್ದರೆ ಅದು ಹಕ್ಕಿಗೆ ವಿಷ. ತುಟಿಯಿಂದ ತುಟಿಗೆ ತಿನಿಸು ಕೊಡುವುದು, ಹಲ್ಲು ಕೆದಕಲು ಬಿಡುವುದು ಬೇಡವೇ ಬೇಡ. ನಮ್ಮ ಎಂಜಲಿನ ಬ್ಯಾಕ್ಟೀರಿಯಾ ಅದಕ್ಕೆ ಕಾಯಿಲೆ ತರಬಲ್ಲದು. ಅದರಿಂದ ನಮಗೆ ಬರುವುದೂ ಇದೆ: ಒಣಗಿದ ಹಿಕ್ಕೆ, ಗರಿಯ ಧೂಳಿನಿಂದ ಹರಡುವ ಸಿಟಕೋಸಿಸ್ ಎನ್ನುವ ಕಾಯಿಲೆ 1929–30ರಲ್ಲಿ ಹಲವು ದೇಶಗಳನ್ನು ನಡುಗಿಸಿತ್ತು. ಈಗ ಅಪರೂಪ, ಔಷಧವೂ ಇದೆ. ಆದರೂ ಮನೆಯಲ್ಲಿ ಯಾರಿಗಾದರೂ ಬಿಡದ ಜ್ವರ, ಒಣಕೆಮ್ಮು ಬಂದರೆ ಮನೆಯಲ್ಲಿ ಗಿಳಿ ಇದೆ ಎಂದು ವೈದ್ಯರಿಗೆ ತಿಳಿಸಿ. ಗ್ರೇ, ಕಾಕಟೂ, ಕಾಕಟೀಲ್‌ಗಳ ಮೈಯಿಂದ ಬಿಳಿ ಪುಡಿ ಉದುರುತ್ತಲೇ ಇರುತ್ತದೆ. ಉಬ್ಬಸ ಇರುವವರು ಮೂಗಿನ ಪಕ್ಕದಲ್ಲೇ ಕೂರಿಸಿಕೊಳ್ಳುವುದು ಒಳ್ಳೆಯದಲ್ಲ.

ಮತ್ತೆ ಕಚ್ಚಿದರೆ ಏನು ಮಾಡಬೇಕು ಎನ್ನುವುದು ಮೊದಲೇ ಗೊತ್ತಿರಲಿ. ಕಿರುಚಬೇಡಿ, ಕೊಡವಬೇಡಿ, ಕೊಕ್ಕು ಹಿಡಿದು ಎಳೆಯಬೇಡಿ. ಎಳೆದರೆ ಗಾಯ ಹರಿಯುತ್ತದೆ. ಕಣ್ಣು ಮುಚ್ಚಿ, ಮುಖ ಆ ಕಡೆಗೆ ತಿರುಗಿಸಿ, ಹತ್ತಿರದ ಮೇಜು, ಮಂಚ, ನೆಲ ಯಾವುದಾದರೂ ಸರಿ, ಆ ಹೆಗಲು ಕೆಳಗಾಗುವಂತೆ ಬಗ್ಗಿ. ಇಳಿಯಲು ಜಾಗ ಕಂಡರೆ ಬಹುತೇಕ ಗಿಳಿಗಳು ಬಿಟ್ಟು ಇಳಿಯುತ್ತವೆ. ಗಾಯವನ್ನು ಸಾಬೂನು, ಹರಿಯುವ ನೀರಿನಲ್ಲಿ ತೊಳೆಯಿರಿ, ಆಳವಾಗಿದ್ದರೆ ಟೆಟನಸ್ ಚುಚ್ಚುಮದ್ದಿನ ಬಗ್ಗೆ ಕೇಳಿ. ಕಣ್ಣಿಗೆ ತಗುಲಿದ್ದರೆ ನೋವು ಕಡಿಮೆಯಿದ್ದರೂ ಅಂದೇ ಕಣ್ಣಿನ ವೈದ್ಯರ ಬಳಿ ಹೋಗಿ. ಮತ್ತು ಗಿಳಿಗೆ ಶಿಕ್ಷೆ ಕೊಡಬೇಡಿ. ಪಂಜರದ ಮೇಲೆ ಬಟ್ಟೆ ಹೊದಿಸಿ ಕತ್ತಲಲ್ಲಿಟ್ಟರೆ ಅದಕ್ಕೆ ಯಾವ ಪಾಠವೂ ಆಗುವುದಿಲ್ಲ, ನಿಮ್ಮ ಕೈ ಕಂಡರೆ ಹೆದರುವುದು ಒಂದನ್ನು ಬಿಟ್ಟು.

ಚಿನ್ನು ಗಂಟೆಗಟ್ಟಲೆ ಹೆಗಲ ಮೇಲಿರುತ್ತದೆ ಎಂದಿದ್ದು ಕಚ್ಚಿದ್ದಕ್ಕಿಂತ ಹೆಚ್ಚು ನನ್ನನ್ನು ಯೋಚನೆಗೆ ಹಚ್ಚಿತು. ಕಾಡಿನ ಗಿಳಿ ಎಚ್ಚರವಿರುವ ಹೊತ್ತಿನ ದೊಡ್ಡ ಪಾಲನ್ನು ಆಹಾರ ಹುಡುಕುವುದರಲ್ಲಿ, ಸುಲಿಯುವುದರಲ್ಲಿ, ಅಗಿಯುವುದರಲ್ಲಿ, ಹಾರುವುದರಲ್ಲಿ ಕಳೆಯುತ್ತದೆ. ಹೆಗಲ ಮೇಲೆ ಇದ್ಯಾವುದೂ ಇಲ್ಲ. ಅಲ್ಲೇ ಬೆಳೆದ ಹಕ್ಕಿ ಒಂಟಿಯಾಗಿ ಆಡುವುದನ್ನೇ ಮರೆಯುತ್ತದೆ, ನೀವು ಹೊರಗೆ ಹೋದ ದಿನ ಕಿರುಚುತ್ತದೆ, ಕೆಲವು ತಮ್ಮ ಗರಿಯನ್ನೇ ಕಿತ್ತುಕೊಳ್ಳುತ್ತವೆ. ಗ್ರೇಗಳಲ್ಲಿ ಈ ಗರಿ ಕೀಳುವ ಚಟ ಹೆಚ್ಚು, ಬಿಡಿಸುವುದು ಬಹಳ ಕಷ್ಟ. ನೀವು ಓದುವ ಕುರ್ಚಿಯ ಪಕ್ಕದಲ್ಲೇ ಒಂದು ಸ್ಟ್ಯಾಂಡ್ ಇಡಿ. ಅದರಲ್ಲಿ ಹರಿಯಲು, ಬಿಚ್ಚಲು, ಒಡೆಯಲು ಏನಾದರೂ ಇರಲಿ. ಅಲ್ಲಿ ಸುಮ್ಮನೆ ಆಡುತ್ತಿರುವಾಗ ಮಾತಾಡಿಸಿ, ತಿನಿಸು ಕೊಡಿ. ಮೊದಲ ದಿನಗಳಲ್ಲಿ ಹೆಗಲಿಗೆ ಹಟ ಮಾಡುತ್ತದೆ, ನಿಮ್ಮ ಕರುಳು ಚುರ್ರೆನ್ನುತ್ತದೆ. ಆದರೂ ತಡೆದುಕೊಳ್ಳಿ. ನೀವು ಅದರಿಂದ ದೂರ ಹೋಗುತ್ತಿಲ್ಲ, ಒಂದು ಮೊಳ ಪಕ್ಕಕ್ಕೆ ಕೂರಿಸುತ್ತಿದ್ದೀರಿ.

ಮುಂದಿನ ಸಲ ಭಾವ ಬರುವ ಸುದ್ದಿ ಗೊತ್ತಾದರೆ ಬಾಗಿಲು ತೆಗೆಯುವ ಮೊದಲೇ ಚಿನ್ನು ಸ್ಟ್ಯಾಂಡಿನ ಮೇಲಿರಲಿ. ಅವರು ದೂರದಲ್ಲಿ ಕೂತು, ಅದನ್ನು ದಿಟ್ಟಿಸದೆ, ಬಟ್ಟಲಿಗೆ ಒಂದು ತಿನಿಸು ಹಾಕಿ ಹೋಗಲಿ.

ಕೊನೆಗೆ ಮಗಳು. ಹೆಗಲ ಮೇಲೆ ಬೇಡ, ಇದರಲ್ಲಿ ನಾನು ಬಗ್ಗುವುದಿಲ್ಲ. ಮಕ್ಕಳ ಹೆಗಲು ಕಿರಿದು, ಉಗುರು ಚುಚ್ಚಿದರೆ ಬೆಚ್ಚಿ ಕೊಡವುತ್ತಾರೆ, ಬೀಳುವ ಹಕ್ಕಿ ಹಿಡಿದುಕೊಳ್ಳಲು ಮೊದಲು ಬಳಸುವುದು ಕೊಕ್ಕನ್ನೇ. ಮುಖವೂ ಅಷ್ಟೇ ಹತ್ತಿರ. ಆದರೆ ಬರಿಗೈಯಲ್ಲಿ ಕಳಿಸಬೇಡಿ, ಅವಳಿಗೊಂದು ಕೆಲಸ ಕೊಡಿ. ನೀವು ಹೆಗಲಿನ ಪಾಠ ಶುರು ಮಾಡುವ ದಿನ ಅವಳು ನಾಲ್ಕು ಹೆಜ್ಜೆ ದೂರದಲ್ಲಿ ಎದುರಿಗೆ ಕೂರಲಿ. ಮೊದಲು ಸ್ಟ್ಯಾಂಡಿನ ಮೇಲಿರುವಾಗಲೇ ಚಿನ್ನುವಿನ ಕಣ್ಣು, ಕತ್ತು, ಬಾಲ ನೋಡಲು ಕಲಿಸಿ. ಮಕ್ಕಳಿಗೆ ಇದು ದೊಡ್ಡವರಿಗಿಂತ ಬೇಗ ಹಿಡಿಯುತ್ತದೆ. ಆಮೇಲೆ ಅವಳು "ಅಮ್ಮಾ, ಕಣ್ಣು ಸಣ್ಣ ಆಯ್ತು" ಎಂದ ಕೂಡಲೇ ನೀವು ಹೆಗಲು ಬಗ್ಗಿಸಿ ಸ್ಟ್ಯಾಂಡಿಗೆ ಇಳಿಸಿ, ತಿನಿಸನ್ನು ಅವಳ ಕೈಗೆ ಕೊಡಿ. ಉದ್ದನೆಯ ಚಮಚದಲ್ಲಿಟ್ಟು ಅವಳೇ ಚಾಚಲಿ.